ಮಳೆಗಾಲದಲ್ಲಿ ಕಾವಿಗೆ ಕೂತ ಹೇಂಟೆ

ಪ್ರಶ್ನೆ: ನಮ್ಮ ಎರಡು ನಾಟಿ ಹೇಂಟೆಗಳು ಕೊಟ್ಟಿಗೆಯಲ್ಲಿ ಒಂದೇ ಬುಟ್ಟಿಗೆ ಕಾವು ಕೂತಿವೆ. ಮೊಟ್ಟೆ ತೆಗೆದರೂ ಏಳುತ್ತಿಲ್ಲ, ಕೈ ಹಾಕಿದರೆ ಕುಕ್ಕುತ್ತವೆ. ಮರಿ ಮಾಡಿಸುವುದೋ, ಕಾವು ಬಿಡಿಸುವುದೋ? ನೀರಿನಲ್ಲಿ ಅದ್ದಿ ಎನ್ನುತ್ತಾರೆ, ಸರಿಯೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಪುಷ್ಯ ಮಳೆ ಹೊಯ್ಯುವಾಗ ಮರಿ ಮಾಡಿಸಬೇಡಿ. ನೆಲ ಒಣಗುವುದಿಲ್ಲ. ಮರಿಗಳಿಗೆ ಥಂಡಿ ಹಿಡಿಯುತ್ತದೆ, ಒದ್ದೆ ಹೊಟ್ಟಿನಲ್ಲಿ ರಕ್ತಭೇದಿ ಬೇಗ ಹಬ್ಬುತ್ತದೆ. ದಸರಾ ಕಳೆಯಲಿ, ಈಗ ಕಾವು ಬಿಡಿಸಿ.

ನೀರಿನಲ್ಲಿ ಅದ್ದುವುದು ಬೇಡವೇ ಬೇಡ. ಈ ಹವೆಯಲ್ಲಿ ನೆಂದ ಪುಕ್ಕ ಸಂಜೆಯವರೆಗೂ ಆರದು, ಕೋಳಿಗೆ ಶೀತವಾಗುತ್ತದೆ. ಮೂಗಿಗೆ ಪುಕ್ಕ ತೂರಿಸುವುದೂ ಹಿಂಸೆಯೇ. ಉಪವಾಸ ಕೆಡವಿದರೆ ಮತ್ತೆ ಮೊಟ್ಟೆಗೆ ಬರುವುದು ಇನ್ನೂ ತಡವಾಗುತ್ತದೆ, ಅಷ್ಟೆ.

ಬುಟ್ಟಿಯ ಬಿಸಿ ಹೊಟ್ಟೆಗೆ ತಾಗುತ್ತಿರುವವರೆಗೆ ಕಾವಿನ ಹಾರ್ಮೋನು ಇಳಿಯುವುದಿಲ್ಲ. ಆದ್ದರಿಂದ ಹೊಟ್ಟೆಯಡಿ ಗಾಳಿ ಆಡಬೇಕು. ಅಡಿಕೆ ದಬ್ಬೆ (ಮರದ ಸೀಳು ಪಟ್ಟಿ) ಹೊಡೆದ ತಳವಿರುವ ಗೂಡು ಮಾಡಿ, ದಬ್ಬೆಗಳ ನಡುವೆ ಒಂದು ಬೆರಳಿನ ಸಂದು ಸಾಕು. ಹೆಚ್ಚಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಗೂಡನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಎರಚಲು ಬಾರದ ಬೆಳಕಿನ ಜಾಗದಲ್ಲಿ, ಉಳಿದ ಕೋಳಿಗಳು ಕಾಣುವಂತೆ ಇಡಿ. ಹುಲ್ಲು, ಗೋಣಿ ಏನೂ ಹಾಸಬೇಡಿ. ಕಾಳು ಎಂದಿನಷ್ಟೇ ಕೊಡಿ. ಕರಟದಲ್ಲಿ ನೀರಿಟ್ಟರೆ ಮಗುಚಿಬಿಡುತ್ತದೆ, ಡಬ್ಬಿಯನ್ನು ಗೂಡಿನ ಬದಿಗೆ ತಂತಿಯಿಂದ ಕಟ್ಟಿ. ಕೊಟ್ಟಿಗೆಯ ಬುಟ್ಟಿಯನ್ನು ಮೊದಲು ತೆಗೆದಿಡಿ.

ಮೂರು ನಾಲ್ಕು ದಿನದ ಮೇಲೆ ಹೊರಗೆ ಬಿಟ್ಟು ನೋಡಿ. ಬೇರೆ ಕೋಳಿಗಳ ಜೊತೆ ಕೆದರಲು ಹೋದರೆ ಕಾವು ಬಿಟ್ಟಿದೆ. ನೆಟ್ಟಗೆ ಹಳೇ ಜಾಗಕ್ಕೆ ಓಡಿ, ಪುಕ್ಕ ಉಬ್ಬಿಸಿ ಗೊರಗುಟ್ಟಿದರೆ ಇನ್ನೆರಡು ದಿನ ಗೂಡು. ಕೂತ ಮೊದಲ ದಿನವೇ ಎಬ್ಬಿಸಿದರೆ ಇಷ್ಟು ಕಷ್ಟವಿಲ್ಲ. ಮತ್ತೆ ಮೊಟ್ಟೆ ಇಡಲು ಸಾಮಾನ್ಯವಾಗಿ ಎರಡು ಮೂರು ವಾರ ಬೇಕು.

ಗೂಡಿಗೆ ಹಾಕುವ ಮೊದಲು ಗುದದ ಸುತ್ತಲಿನ ಪುಕ್ಕ ಬಿಡಿಸಿ ಹೇನು ನೋಡಿ. ಕಾವಿಗೆ ಕೂತ ಕೋಳಿ ಮಣ್ಣಿನಲ್ಲಿ ಹೊರಳುವುದೇ ಅಪರೂಪ, ಹೇನು ಬೇಗ ಹೆಚ್ಚುತ್ತದೆ.

ಪ್ರಶ್ನೆ: ಗಿರಿರಾಜ ಕೋಳಿ ಕಾವು ಕೂರುತ್ತಿಲ್ಲ. ಅದರ ಮೊಟ್ಟೆಗೆ ನಾಟಿ ಹೇಂಟೆಯನ್ನು ಕೂರಿಸಬಹುದೇ?
– ಓದುಗರು, ಸಾಗರ

ಉತ್ತರ: ಧಾರಾಳವಾಗಿ. ಹಿಂಡಿನಲ್ಲಿ ಹುಂಜ ಇರಬೇಕು, ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಗಾತ್ರ ದೊಡ್ಡದು, ಹಾಗಾಗಿ ಹತ್ತು ಹನ್ನೆರಡರ ಬದಲು ಎಂಟೇ ಇಡಿ. ಬದಿಯ ಮೊಟ್ಟೆಗೆ ಕಾವು ತಾಗದಿದ್ದರೆ ಅದು ಕೆಡುತ್ತದೆ. ಎಲ್ಲವನ್ನೂ ಒಂದೇ ಸಂಜೆ ಇಡಿ, ಇಲ್ಲವಾದರೆ ಮೊದಲ ಮರಿಗಳ ಜೊತೆ ತಾಯಿ ಎದ್ದು ಹೋಗುತ್ತದೆ. ಏಳನೇ ರಾತ್ರಿ ಕತ್ತಲಲ್ಲಿ ಮೊಟ್ಟೆಯ ಅಗಲದ ತುದಿಗೆ ಟಾರ್ಚ್ ಹಿಡಿಯಿರಿ: ಕೆಂಪು ನರಗಳು ಕವಲೊಡೆದಿದ್ದರೆ ಜೀವವಿದೆ, ತಿಳಿಯಾಗಿದ್ದರೆ ತೆಗೆಯಿರಿ. 18ನೇ ದಿನದಿಂದ ಮುಟ್ಟಬೇಡಿ. ಮರಿ ಒಡೆಯುವುದು 21ಕ್ಕೆ. ಗಿರಿರಾಜ ಮಿಶ್ರತಳಿಯಾದ್ದರಿಂದ ಎಲ್ಲ ಮರಿಗಳೂ ತಾಯಿಯಷ್ಟು ತೂಗುತ್ತವೆಂದು ಲೆಕ್ಕ ಹಾಕಬೇಡಿ.