ಸಂಬಳವಿಲ್ಲದ ಪ್ರಾಜೆಕ್ಟಿಗೆ ಸಹಿ ಮಾಡುವ ಮುನ್ನ: ಇಂಗ್ಲೆಂಡಿಗೆ ಹೊಸದಾಗಿ ಬಂದ ವಿದ್ಯಾರ್ಥಿಗೆ ಉತ್ತರ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ನೀವು ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದಕ್ಕೆ ಎಂ.ಎಸ್‌ಸಿ. ಓದಲು ಬಂದಿದ್ದೀರಿ. ಪದವಿಯ ಕೊನೆಯ ಪ್ರಾಜೆಕ್ಟನ್ನು ಒಂದು ಖಾಸಗಿ ಕಂಪನಿಯ ಜೊತೆ ಮಾಡಬೇಕಾಗಿದೆ, ಅದಕ್ಕೆ ಸಂಬಳವಾಗಲಿ ಭತ್ಯೆಯಾಗಲಿ ಇಲ್ಲ. ಹಾಗಿದ್ದರೂ ಕಂಪನಿಯು ಗೋಪ್ಯತೆಯ ಒಪ್ಪಂದವನ್ನೂ ಬೌದ್ಧಿಕ ಆಸ್ತಿಯ ವರ್ಗಾವಣೆ ಪತ್ರವನ್ನೂ ಒಟ್ಟಿಗೆ ಕಳುಹಿಸಿ, ವಾರದೊಳಗೆ ಸಹಿ ಮಾಡಿಕೊಡಿ ಎಂದಿದೆ. ಇಲ್ಲಿ ಎಲ್ಲರೂ ಓದದೆಯೇ ಸಹಿ ಹಾಕುತ್ತಾರೆಯೇ, ತಿದ್ದುಪಡಿ ಕೇಳಿದರೆ ಅಂಕಕ್ಕೋ ವೀಸಾಕ್ಕೋ ತೊಂದರೆಯಾದೀತೇ ಎಂಬುದು ನಿಮ್ಮ ಆತಂಕ. ನಾನು ಈ ದೇಶದಲ್ಲಿ ನೆಲೆಸಿ ಬಹಳ ಕಾಲವಾಯಿತು. ವಿದ್ಯಾರ್ಥಿಗಳನ್ನು ಪ್ರಾಜೆಕ್ಟಿಗೆ ತೆಗೆದುಕೊಳ್ಳುವ ಕಂಪನಿಯ ಕಡೆ ಕುಳಿತು ಇಂಥ ಕಾಗದಗಳನ್ನು ನೋಡುತ್ತ ಬಂದಿದ್ದೇನೆ, ಆದರೆ ನಾನು ವಕೀಲನಲ್ಲ. ಮುಂದಿನ ಮಾತುಗಳನ್ನು ಆ ಮಿತಿಯೊಳಗೇ ಓದಿಕೊಳ್ಳಿ.

ಮೊದಲು ತಿಳಿಯಬೇಕಾದದ್ದು ನಿಮಗೆ ಅನುಕೂಲವಾದ ಸಂಗತಿಯೇ ಆಗಿದೆ. 1988ರ ಕೃತಿಸ್ವಾಮ್ಯ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಉದ್ಯೋಗಿಯೊಬ್ಬ ತನ್ನ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತನಿಗೆ ಸೇರುತ್ತದೆ. 1977ರ ಪೇಟೆಂಟ್ ಕಾಯ್ದೆಯ 39ನೆಯ ಕಲಮು ಆವಿಷ್ಕಾರಗಳ ವಿಷಯದಲ್ಲೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತದೆ. ನೀವಾದರೋ ಉದ್ಯೋಗಿಯಲ್ಲ, ಸಂಬಳ ಪಡೆಯದ ವಿದ್ಯಾರ್ಥಿ. ಆದ್ದರಿಂದ ನೀವು ಬರೆದ ಕೋಡ್, ಬಿಡಿಸಿದ ವಿನ್ಯಾಸ, ಕಂಡುಹಿಡಿದ ವಿಧಾನ, ಯಾವುದಕ್ಕೂ ಸಹಿ ಮಾಡದೆ ಇದ್ದರೆ, ಮೊದಲಿಗೆ ನಿಮ್ಮದೇ. ಕೃತಿಸ್ವಾಮ್ಯವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕಾದರೆ ಅದು ಬರಹದಲ್ಲಿರಬೇಕು, ಬಿಟ್ಟುಕೊಡುವವರ ಸಹಿಯೂ ಇರಬೇಕು ಎಂದು ಕೃತಿಸ್ವಾಮ್ಯ ಕಾಯ್ದೆಯ 90ನೆಯ ಕಲಮು ಹೇಳುತ್ತದೆ. ಕಂಪನಿ ನಿಮ್ಮ ಸಹಿಗೆ ಆತುರಪಡುವುದು ಇದೇ ಕಾರಣಕ್ಕೆ. ಆ ಆತುರದಲ್ಲಿ ಕುತಂತ್ರವನ್ನು ಹುಡುಕಬೇಕಾಗಿಲ್ಲ. ಸಹಿಯಿಲ್ಲದೆ ಅವರಿಗೆ ಹಕ್ಕು ಸಿಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಮಾತಿಗೆ ಕುಳಿತರೆ ಸಾಕು.

ನಿಮಗೆ ಬಂದಿರುವ ಎರಡನೆಯ ಕಾಗದ ಬಹುಶಃ ಸಾಧಾರಣ ಕರಾರಾಗಿರದೆ ಡೀಡ್ ಎಂಬ ವಿಧ್ಯುಕ್ತ ದಸ್ತಾವೇಜಿನ ರೂಪದಲ್ಲಿರುತ್ತದೆ, ಮತ್ತು ನೀವು ಸಹಿ ಮಾಡುವುದನ್ನು ನೋಡಿದ ಸಾಕ್ಷಿಯೊಬ್ಬರ ಸಹಿಯನ್ನೂ ಕೇಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನಿನಲ್ಲಿ ಸಾಧಾರಣ ಕರಾರು ನಿಲ್ಲಬೇಕಾದರೆ ಎರಡೂ ಕಡೆಯಿಂದ ಏನಾದರೂ ಪ್ರತಿಫಲ ಇರಬೇಕು. ಹಣ ಕೊಡದೆ ಹಕ್ಕು ಪಡೆಯುವ ಕಂಪನಿಗೆ ಇದು ತೊಡಕು. ಡೀಡಿಗೆ ಪ್ರತಿಫಲ ಬೇಕಿಲ್ಲ. ಕೆಲವರು ಡೀಡಿನ ಬದಲು ಒಂದು ಪೌಂಡ್ ಕೊಟ್ಟಂತೆ ಬರೆಯುತ್ತಾರೆ, ಕಾನೂನು ಅದನ್ನೂ ಒಪ್ಪುತ್ತದೆ. ಪ್ರತಿಫಲವೇ ಇಲ್ಲದ್ದರಿಂದ ಈ ಕಾಗದ ಊರ್ಜಿತವಾಗದು ಎಂದು ನಂಬಿ ನಿಶ್ಚಿಂತೆಯಿಂದ ಸಹಿ ಹಾಕುವವರನ್ನು ಕಂಡಿದ್ದೇನೆ. ಆ ನಂಬಿಕೆಗೆ ಆಧಾರವಿಲ್ಲ.

ವಿದ್ಯಾರ್ಥಿಯ ಮೇಲೆ ಹೇರಿದ ಷರತ್ತು ಅನ್ಯಾಯವೆಂದು ಮುಂದೆ ನ್ಯಾಯಾಲಯದಲ್ಲಿ ವಾದಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. 2022ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹೈಕೋರ್ಟಿನಿಂದ ಈ ವಿಷಯದಲ್ಲೇ ಒಂದು ದೀರ್ಘ ತೀರ್ಪು ಬಂದಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂತ್ರಜ್ಞಾನ ವರ್ಗಾವಣೆ ಸಂಸ್ಥೆಗೂ ಅಲ್ಲಿಂದಲೇ ಹುಟ್ಟಿದ ಆಕ್ಸ್‌ಫರ್ಡ್ ನ್ಯಾನೋಇಮೇಜಿಂಗ್ ಕಂಪನಿಗೂ ಸೂಕ್ಷ್ಮದರ್ಶಕವೊಂದರ ಹಕ್ಕು ಮತ್ತು ರಾಯಲ್ಟಿಯ ಬಗ್ಗೆ ವ್ಯಾಜ್ಯ ನಡೆದಿತ್ತು. ಮೊದಲು ಇಂಟರ್ನ್ ಆಗಿದ್ದು ನಂತರ ಡಾಕ್ಟರೇಟ್ ವಿದ್ಯಾರ್ಥಿಯಾದವರೊಬ್ಬರ ಕೆಲಸದ ಒಡೆತನ ಯಾರದೆಂಬುದು ಅದರ ತಿರುಳು. ಡಾಕ್ಟರೇಟ್ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಗ್ರಾಹಕನೆಂದೇ ಪರಿಗಣಿಸಬೇಕು, ಅನ್ಯಾಯದ ಷರತ್ತುಗಳ ವಿರುದ್ಧದ ಗ್ರಾಹಕ ರಕ್ಷಣೆ ಅವರಿಗೂ ದೊರೆಯಬೇಕು ಎಂಬ ಮಾತನ್ನು ನ್ಯಾಯಾಲಯ ಒಪ್ಪಿತು. ಆದರೆ ಆ ವಿಶ್ವವಿದ್ಯಾಲಯದ ಷರತ್ತುಗಳನ್ನು ಪರಿಶೀಲಿಸಿ, ಅವು ಅನ್ಯಾಯವಲ್ಲ ಎಂದೇ ತೀರ್ಮಾನಿಸಿತು. ವಿದ್ಯಾರ್ಥಿಗಳ ಕೆಲಸದಿಂದ ಬಂದ ಆದಾಯದಲ್ಲಿ ಅವರಿಗೂ ಪಾಲು ಕೊಡುವ ಏರ್ಪಾಟು ಆ ವಿಶ್ವವಿದ್ಯಾಲಯದಲ್ಲಿತ್ತು. ನಿಮ್ಮ ಎದುರಿಗಿರುವ ಕಂಪನಿಯ ಕಾಗದದಲ್ಲಿ ಅಂಥ ಪಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ತೀರ್ಪನ್ನು ಅವರ ಪರವಾಗಿ ಪೂರ್ತಿ ಎಣಿಸಬೇಕಾಗಿಲ್ಲ, ಹಾಗೆಂದು ನಿಮ್ಮ ಪರವಾಗಿ ನೆಚ್ಚಿಕೊಳ್ಳುವುದೂ ಜಾಣತನವಲ್ಲ.

ಈಗ ಎರಡು ಕಾಗದಗಳನ್ನು ಬೇರೆ ಬೇರೆಯಾಗಿ ನೋಡಿ. ನನ್ನ ಅಭಿಪ್ರಾಯದಲ್ಲಿ ಗೋಪ್ಯತೆಯ ಒಪ್ಪಂದದ ಬಗ್ಗೆ ಹೆಚ್ಚು ಜಗ್ಗಾಡುವುದರಲ್ಲಿ ಅರ್ಥವಿಲ್ಲ. ಕಂಪನಿಯು ತನ್ನ ಗ್ರಾಹಕರ ಮಾಹಿತಿಯನ್ನೋ ಇನ್ನೂ ಬಿಡುಗಡೆಯಾಗದ ಉತ್ಪನ್ನವನ್ನೋ ನಿಮ್ಮ ಮುಂದೆ ತೆರೆದಿಡುವಾಗ ಬಾಯಿ ಬಿಗಿಹಿಡಿಯಿರಿ ಎಂದು ಕೇಳುವುದು ನ್ಯಾಯವೇ. ಸಹಿ ಮಾಡದಿದ್ದರೂ ಆ ಹೊಣೆ ನಿಮ್ಮ ಮೇಲೆ ಇರಬಹುದು. 1968ರ ಕೊಕೊ ಮತ್ತು ಕ್ಲಾರ್ಕ್ ಮೊಕದ್ದಮೆಯಿಂದ ಈಚೆಗೆ, ಗುಟ್ಟಿನ ಸ್ವರೂಪವುಳ್ಳ ಮಾಹಿತಿಯನ್ನು ಗುಟ್ಟೆಂದು ತಿಳಿಯುವಂಥ ಸನ್ನಿವೇಶದಲ್ಲಿ ಪಡೆದವರು ಅದನ್ನು ಅನುಮತಿಯಿಲ್ಲದೆ ಬಳಸಿದರೆ ಲಿಖಿತ ಕರಾರಿಲ್ಲದೆಯೂ ಹೊಣೆಗಾರರಾಗುತ್ತಾರೆ ಎಂಬ ತತ್ತ್ವ ಇಲ್ಲಿ ನೆಲೆಗೊಂಡಿದೆ. ಆದರೆ ಆ ಕಾಗದದಲ್ಲಿ ಕೆಲವು ಮಾತುಗಳು ಇರಲೇಬೇಕು. ಮೊದಲೇ ಸಾರ್ವಜನಿಕವಾಗಿರುವುದು, ನಿಮಗೆ ಮುಂಚೆಯೇ ತಿಳಿದಿದ್ದದ್ದು, ಬೇರೊಬ್ಬರಿಂದ ನ್ಯಾಯವಾಗಿ ಬಂದದ್ದು, ಇವು ಗೋಪ್ಯ ಮಾಹಿತಿಯಲ್ಲ ಎಂಬ ವಾಕ್ಯ ಇರಬೇಕು. ಎರಡರಿಂದ ಐದು ವರ್ಷದ ಅವಧಿ ಸಾಮಾನ್ಯ. ಕೊನೆಯಿಲ್ಲದ ಗೋಪ್ಯತೆಯನ್ನು ನಿಜವಾದ ವ್ಯಾಪಾರ ರಹಸ್ಯಕ್ಕೆ ಮಾತ್ರ ಒಪ್ಪಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಮಾರ್ಗದರ್ಶಕರಿಗೆ, ಆಂತರಿಕ ಮತ್ತು ಬಾಹ್ಯ ಪರೀಕ್ಷಕರಿಗೆ ಪ್ರಬಂಧವನ್ನು ತೋರಿಸುವ ಅನುಮತಿ ಸ್ಪಷ್ಟವಾಗಿ ಬರೆದಿರಬೇಕು. ಕಂಪನಿಗಳ ಸಿದ್ಧ ಮಾದರಿಗಳು ಪೂರೈಕೆದಾರರಿಗಾಗಿಯೋ ಗುತ್ತಿಗೆದಾರರಿಗಾಗಿಯೋ ಬರೆದವು, ಪರೀಕ್ಷಕ ಎಂಬ ವ್ಯಕ್ತಿ ಇರುತ್ತಾನೆಂಬುದೇ ಅವುಗಳಿಗೆ ಗೊತ್ತಿಲ್ಲ. ಅಕ್ಷರಶಃ ಪಾಲಿಸಿದರೆ ಪದವಿಯೇ ಸಿಗದಂಥ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಕಂಪನಿಗಳುಂಟು, ಅದು ಅವರ ಗಮನಕ್ಕೂ ಬಂದಿರುವುದಿಲ್ಲ. ಪ್ರಬಂಧವನ್ನು ಗ್ರಂಥಾಲಯದಲ್ಲಿ ಇಡುವುದನ್ನು ಒಂದೆರಡು ವರ್ಷ ತಡೆಹಿಡಿಯಿರಿ ಎಂದು ಕೇಳಿದರೆ ಒಪ್ಪಬಹುದು. ಲೇಖನ ಪ್ರಕಟಿಸುವ ಮುನ್ನ ಕರಡನ್ನು ತೋರಿಸಿ ಎಂದರೂ ಒಪ್ಪಬಹುದು, ಉತ್ತರ ಕೊಡಲು ಅವರಿಗೆ ದಿನಗಳ ಮಿತಿ ಇರಬೇಕು ಅಷ್ಟೆ. ಈ ತಡೆಗೆ ನಿಜವಾದ ಕಾರಣವೂ ಇದೆ. ಯುರೋಪಿನಲ್ಲಿ, ಬ್ರಿಟನ್ನಿನಲ್ಲೂ, ಅರ್ಜಿ ಸಲ್ಲಿಸುವ ಮುನ್ನ ಬಹಿರಂಗವಾದ ಆವಿಷ್ಕಾರಕ್ಕೆ, ಒಂದೆರಡು ಸಂಕುಚಿತ ವಿನಾಯಿತಿಗಳನ್ನು ಬಿಟ್ಟರೆ, ಪೇಟೆಂಟ್ ಸಿಗುವುದಿಲ್ಲ. ನೀವು ಸಮ್ಮೇಳನವೊಂದರಲ್ಲಿ ಅಂಟಿಸುವ ಒಂದು ಪೋಸ್ಟರ್ ಕೂಡ ಅದನ್ನು ಕೆಡಿಸಬಲ್ಲದು, ಆಗ ನಷ್ಟ ಕಂಪನಿಗೆ ಮಾತ್ರವಲ್ಲ, ಆವಿಷ್ಕಾರಕರಾದ ನಿಮಗೂ ಆಗುತ್ತದೆ.

ದಿನನಿತ್ಯದ ಎಚ್ಚರವೂ ಬೇಕು. ಕಂಪನಿಯ ದತ್ತಾಂಶವನ್ನು ಸ್ವಂತ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು, ಸಾರ್ವಜನಿಕ ಗಿಟ್‌ಹಬ್ ಖಾತೆಗೆ ಏರಿಸುವುದು, ತಪ್ಪು ಹುಡುಕಿಕೊಡಲೆಂದು ಎಐ ಚಾಟ್‌ಬಾಟಿಗೆ ಅಂಟಿಸುವುದು, ಇವು ಯಾವ ದುರುದ್ದೇಶವೂ ಇಲ್ಲದೆ ಒಪ್ಪಂದವನ್ನು ಮುರಿಯುವ ಸುಲಭ ದಾರಿಗಳು. ಒಪ್ಪಂದ ಮುರಿದರೆ ಆಗುವ ಎಲ್ಲ ನಷ್ಟವನ್ನೂ ಮಿತಿಯಿಲ್ಲದೆ ತುಂಬಿಕೊಡುತ್ತೇನೆ ಎಂಬ ಸಾಲು ಕಂಡರೆ ಅದನ್ನು ತೆಗೆಯಲು ಹೇಳಿ. ಬಿಡಿಗಾಸು ಪಡೆಯದ ವಿದ್ಯಾರ್ಥಿ ಅಂಥ ಹೊರೆ ಹೊರಬೇಕಾಗಿಲ್ಲ. ಕೇಳಿದವರಿಗೆ ಅದನ್ನು ಸಾಮಾನ್ಯವಾಗಿ ತೆಗೆದುಕೊಡುತ್ತಾರೆ.

ಬೌದ್ಧಿಕ ಆಸ್ತಿಯ ಪತ್ರಕ್ಕೆ ಇದರ ಇಮ್ಮಡಿ ಸಮಯ ಕೊಡಿ. ಗೋಪ್ಯತೆಗೆ ಕೊನೆಯ ದಿನವೊಂದಿರುತ್ತದೆ, ವರ್ಗಾವಣೆಗೆ ಅದಿಲ್ಲ. ಇಲ್ಲಿ ಕೃತಿಸ್ವಾಮ್ಯ ಬರೆದವರ ಜೀವಮಾನದ ನಂತರವೂ 70 ವರ್ಷ ಬಾಳುತ್ತದೆ, ಒಮ್ಮೆ ಪೂರ್ತಿಯಾಗಿ ಬರೆದುಕೊಟ್ಟರೆ ಅಷ್ಟೂ ಕಾಲಕ್ಕೆ ಹೋದಂತೆಯೇ. ಇನ್ನೂ ಬರೆಯದ ಕೃತಿಯ ಹಕ್ಕನ್ನು ಈಗಲೇ ವರ್ಗಾಯಿಸಲೂ ಕೃತಿಸ್ವಾಮ್ಯ ಕಾಯ್ದೆಯ 91ನೆಯ ಕಲಮು ಅವಕಾಶ ಕೊಟ್ಟಿದೆ. ಹಾಗಾಗಿ ಪತ್ರದಲ್ಲಿ ಪ್ರಾಜೆಕ್ಟಿನ ವ್ಯಾಪ್ತಿ ಎಷ್ಟು ಬಿಗಿಯಾಗಿದೆ ಎಂದು ನೋಡಿ. ‘ಈ ಅವಧಿಯಲ್ಲಿ ಸೃಷ್ಟಿಸಿದ ಎಲ್ಲವೂ’ ಎಂದಿದ್ದರೆ, ವಾರಾಂತ್ಯದಲ್ಲಿ ನೀವು ನಿಮ್ಮಷ್ಟಕ್ಕೆ ಬರೆದ ಆ್ಯಪ್ ಕೂಡ ಅದರೊಳಗೆ ಬೀಳಬಹುದು. ಅದನ್ನು ‘ಅನುಬಂಧದಲ್ಲಿ ವಿವರಿಸಿದ ಪ್ರಾಜೆಕ್ಟಿನಿಂದ ಹುಟ್ಟಿದ್ದು’ ಎಂದು ಬದಲಿಸಲು ಕೇಳಿ. ಪ್ರಾಜೆಕ್ಟ್ ಶುರುವಾಗುವ ಮುನ್ನವೇ ನಿಮ್ಮ ಬಳಿ ಇದ್ದ ಕೋಡ್, ದತ್ತಾಂಶ ಮತ್ತು ಬರಹಗಳ ಪಟ್ಟಿ ಮಾಡಿ, ದಿನಾಂಕ ಹಾಕಿ, ಅನುಬಂಧವಾಗಿ ಸೇರಿಸಿ. ಓಪನ್ ಸೋರ್ಸ್ ಕೋಡನ್ನು ಬಳಸುವುದಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ನಿಮ್ಮದಲ್ಲದ್ದನ್ನು ನೀವು ಬರೆದುಕೊಡಲಾರಿರಿ. ಪ್ರಬಂಧದ ಪಠ್ಯದ ಕೃತಿಸ್ವಾಮ್ಯ ನಿಮ್ಮಲ್ಲೇ ಉಳಿಯಬೇಕು. ಇದೊಂದನ್ನು ಬಿಟ್ಟುಕೊಡಬೇಡಿ ಎಂದು ಒತ್ತಿ ಹೇಳುತ್ತೇನೆ. ಉಳಿದ ಫಲಿತಾಂಶಗಳಿಗೆ ವರ್ಗಾವಣೆಯ ಬದಲು ಪರವಾನಗಿ, ಅಂದರೆ ಒಡೆತನ ನಿಮ್ಮಲ್ಲೇ ಉಳಿದು ಬಳಸಲು ಮಾತ್ರ ಕೊಡುವ ಅನುಮತಿ, ಸಾಕಾಗುವುದೇ ಎಂದು ಕೇಳಿ ನೋಡಿ. ಸಣ್ಣ ಕಂಪನಿಗಳು ಇದಕ್ಕೆ ಎಷ್ಟೋ ಸಲ ಒಪ್ಪುತ್ತವೆ, ದೊಡ್ಡವು ಒಪ್ಪುವುದು ಕಡಿಮೆ.

ಯಾರಿಗೆ ವರ್ಗಾಯಿಸುತ್ತಿದ್ದೀರಿ ಎಂಬುದೂ ಮುಖ್ಯ. ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯು ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರೆ, ಮುಂದೆ ಆದಾಯ ಬಂದಾಗ ಅಧ್ಯಾಪಕರಿಗೆ ಸಿಗುವಂತೆಯೇ ಪಾಲು ಸಿಗುವ ನಿಯಮವಿದೆ. ನೇರವಾಗಿ ಕಂಪನಿಗೆ ಕೊಟ್ಟರೆ ಆ ನಿಯಮ ನಿಮ್ಮನ್ನು ಕಾಯುವುದಿಲ್ಲ, ಉದ್ಯೋಗಿ ಆವಿಷ್ಕಾರಕರಿಗೆ ಪೇಟೆಂಟ್ ಕಾಯ್ದೆ ಕೊಡುವ ಪರಿಹಾರದ ಹಕ್ಕೂ ಉದ್ಯೋಗಿಯಲ್ಲದ ನಿಮಗೆ ಅನ್ವಯಿಸುವುದಿಲ್ಲ. ಹೆಸರಿನ ವಿಷಯದಲ್ಲಿ ಕಾನೂನು ವಿಚಿತ್ರವಾಗಿ ಒಡೆದುಕೊಂಡಿದೆ. ಪೇಟೆಂಟಿನಲ್ಲಿ ಆವಿಷ್ಕಾರಕರೆಂದು ಹೆಸರಿಸಲ್ಪಡುವ ಹಕ್ಕು, ಒಡೆತನ ಬಿಟ್ಟುಕೊಟ್ಟರೂ ನಿಮಗೆ ಉಳಿಯುತ್ತದೆ. ಆದರೆ ಕೃತಿಕಾರರೆಂದು ಗುರುತಿಸಲ್ಪಡುವ ನೈತಿಕ ಹಕ್ಕು ಕಂಪ್ಯೂಟರ್ ಪ್ರೋಗ್ರಾಮುಗಳಿಗೆ ಇಲ್ಲಿ ಇಲ್ಲವೇ ಇಲ್ಲ. ನೀವು ಬರೆಯುವುದು ಸಾಫ್ಟ್‌ವೇರ್ ಆದರೆ, ಉದ್ಯೋಗ ಹುಡುಕುವಾಗ ಈ ಕೆಲಸವನ್ನು ನಿಮ್ಮದೆಂದು ಹೇಳಿಕೊಳ್ಳಲು ಎಷ್ಟು ವಿವರವನ್ನು ಬಹಿರಂಗಪಡಿಸಬಹುದು ಎಂಬುದನ್ನು ಒಂದು ವಾಕ್ಯದಲ್ಲಾದರೂ ಬರೆಸಿಕೊಳ್ಳಿ. ಸಂಬಳವಿಲ್ಲದೆ ದುಡಿದವರಿಗೆ ಕೊನೆಗೆ ಉಳಿಯುವ ಸಂಪಾದನೆ ಬಹುಪಾಲು ಅದೇ.

ವೀಸಾದ ಬಗ್ಗೆ ಎರಡು ಮಾತು. ಷರತ್ತು ತಿದ್ದಲು ಕೇಳಿದ ಮಾತ್ರಕ್ಕೆ ವೀಸಾಕ್ಕೆ ಏನೂ ಆಗುವುದಿಲ್ಲ. ತೊಂದರೆ ಬರಬಹುದಾದ ಜಾಗ ಬೇರೆಯೇ ಇದೆ. ಕೆಲವು ಕಂಪನಿಗಳು ಗುತ್ತಿಗೆದಾರರ ನಮೂನೆಯನ್ನೇ ಕಳುಹಿಸುತ್ತವೆ, ಅದರಲ್ಲಿ ನಿಮ್ಮನ್ನು ‘ಸ್ವತಂತ್ರ ಸಲಹೆಗಾರ’ ಎಂದು ಕರೆದಿರುತ್ತದೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಯಂ ಉದ್ಯೋಗ ನಿಷಿದ್ಧ, ಆ ವಿಶೇಷಣವನ್ನು ತೆಗೆಸದೆ ಸಹಿ ಮಾಡಬೇಡಿ. ಪ್ರಾಜೆಕ್ಟ್ ಪದವಿಯ ಮೌಲ್ಯಮಾಪನದ ಭಾಗವೇ ಎಂಬುದನ್ನೂ ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆಯಿರಿ. ಪಠ್ಯಕ್ರಮ ಬಯಸುವ, ಒಂದು ವರ್ಷ ಮೀರದ ತರಬೇತಿಗೆ ಕನಿಷ್ಠ ವೇತನ ಕೊಡಬೇಕಾಗಿಲ್ಲ. ಪಠ್ಯಕ್ರಮದ ಹೊರಗಿನದಾದರೆ, ಹೊತ್ತು ಗೊತ್ತುಮಾಡಿ ಕೆಲಸ ಹಚ್ಚುವ ಕಂಪನಿ ವೇತನ ಕೊಡಬೇಕಾಗಿ ಬರಬಹುದು, ಮತ್ತು ವೇತನವಿಲ್ಲದ ಅಂಥ ಕೆಲಸವೂ ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಮಿತಿಯೊಳಗೇ ಎಣಿಕೆಯಾಗುತ್ತದೆ.

ಅಂಕದ ಭಯವನ್ನು ಸರಿಯಾದವರ ಬಳಿ ಹೇಳಿಕೊಳ್ಳಿ. ಕಂಪನಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಬೇರೆಯೇ ಒಪ್ಪಂದವೊಂದು ಇರಬೇಕು. ನಿಮಗೆ ಸಂಬಂಧಿಸಿದ ಭಾಗವನ್ನಾದರೂ ತೋರಿಸಿ ಎಂದು ವಿಭಾಗದ ಪ್ರಾಜೆಕ್ಟ್ ಸಂಯೋಜಕರನ್ನು ಕೇಳಿ. ವಿಶ್ವವಿದ್ಯಾಲಯ ಮತ್ತು ಉದ್ಯಮಗಳ ಸಹಯೋಗಕ್ಕಾಗಿ ಲ್ಯಾಂಬರ್ಟ್ ಟೂಲ್‌ಕಿಟ್ ಎಂಬ ಮಾದರಿ ಒಪ್ಪಂದಗಳ ಸಂಗ್ರಹವನ್ನು ಇಲ್ಲಿನ ಸರ್ಕಾರವೇ ಉಚಿತವಾಗಿ ಒದಗಿಸಿದೆ. ನಿಮ್ಮ ಕಾಗದ ಎಲ್ಲಿ ದಾರಿ ಬಿಟ್ಟಿದೆ ಎಂದು ತಿಳಿಯಲು ಅದರ ಪಕ್ಕದಲ್ಲಿಟ್ಟು ಓದಿ. ವಿದ್ಯಾರ್ಥಿ ಸಂಘದ ಸಲಹಾ ವಿಭಾಗ ವಿಶ್ವವಿದ್ಯಾಲಯದ ಆಡಳಿತದಿಂದ ಬೇರೆಯಾಗಿ ಕೆಲಸ ಮಾಡುತ್ತದೆ, ಶುಲ್ಕವೂ ಇಲ್ಲ. ಕಾನೂನು ವಿಭಾಗವಿರುವ ಕಡೆ ಉಚಿತ ಕಾನೂನು ಸಲಹಾ ಕೇಂದ್ರವೂ ಇರಬಹುದು. ಏನು ಕೇಳಿದರೂ ಒಪ್ಪದಿದ್ದರೆ ಹಕ್ಕು ಬಿಟ್ಟುಕೊಡಬೇಕಿಲ್ಲದ ಬೇರೆ ಪ್ರಾಜೆಕ್ಟ್ ಕೊಡಿ ಎಂದು ಕೇಳಿ. ಹಂಚಿಕೆ ಮುಗಿಯುವ ಮುನ್ನ ಕೇಳಿದರೆ ಇದು ಬಹಳ ಸುಲಭ, ಮುಗಿದ ಮೇಲೆ ಅಷ್ಟೇ ಕಷ್ಟ. ಆದ್ದರಿಂದ ಕಂಪನಿಗೆ ಇಂದೇ ಎರಡು ಸಾಲು ಬರೆದು, ವಿಶ್ವವಿದ್ಯಾಲಯದ ಸಲಹೆ ಪಡೆಯಲು ಇನ್ನೊಂದು ವಾರ ಬೇಕೆಂದು ತಿಳಿಸಿ. ಇಲ್ಲಿ ಅದನ್ನು ಯಾರೂ ಅವಿನಯವೆಂದು ಭಾವಿಸುವುದಿಲ್ಲ.

ಕೊನೆಗೆ ಸಹಿ ಮಾಡಿದಾಗ, ಎರಡೂ ಕಡೆಯವರ ಸಹಿಯಿರುವ ಪ್ರತಿಯನ್ನು ಕೇಳಿ ಪಡೆದು ಸ್ವಂತ ಇಮೇಲಿನಲ್ಲಿ ಉಳಿಸಿಕೊಳ್ಳಿ. ವಿಶ್ವವಿದ್ಯಾಲಯದ ಇಮೇಲ್ ಪದವಿ ಮುಗಿದ ಮೇಲೆ ಮುಚ್ಚಿಹೋಗುವುದುಂಟು, ಗೋಪ್ಯತೆಯ ಅವಧಿ ಅದಕ್ಕಿಂತ ಹೆಚ್ಚು ಕಾಲ ನಡೆಯುತ್ತದೆ, ಮುಂದಿನ ಉದ್ಯೋಗದಾತರು ಹಳೆಯ ಬಾಧ್ಯತೆಗಳೇನಾದರೂ ಇವೆಯೇ ಎಂದು ಕೇಳಿದಾಗ ನೀವು ಆ ಕಾಗದವನ್ನೇ ನೋಡಿ ಉತ್ತರಿಸಬೇಕಾಗುತ್ತದೆ.