ಋತುವಿನ ಮೊದಲ ಟ್ರಯಥ್ಲಾನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಟ್ರಯಥ್ಲಾನ್ ಅಭ್ಯಾಸ ಮಾಡುತ್ತಿದ್ದೇನೆ. ಚಳಿಗಾಲವೆಲ್ಲ ಒಳಾಂಗಣ ಈಜುಕೊಳದಲ್ಲಿ ಈಜಿದ್ದೇನೆ, ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ನೆರವಾಗುವ ಸಾಧನ) ಮೇಲೆ ಸೈಕಲ್ ತುಳಿದಿದ್ದೇನೆ. ಚಳಿ ಇಳಿಯುತ್ತಿದ್ದಂತೆ ಸರೋವರವೊಂದರಲ್ಲಿ ನಡೆಯಲಿರುವ ಸ್ಪ್ರಿಂಟ್ ಸ್ಪರ್ಧೆಗೆ ಹೆಸರು ನೋಂದಾಯಿಸಿದ್ದೇನೆ. ಕಳೆದ ಋತುವಿನ ನನ್ನ ಅತ್ಯುತ್ತಮ ಸಮಯವನ್ನು ಮೀರಿಸುವ ಗುರಿ ಇಟ್ಟುಕೊಳ್ಳಬಹುದೇ? ತಣ್ಣೀರಿನ ಬಗ್ಗೆ ಅಳುಕೂ ಇದೆ.

ಉತ್ತರ: ಆ ಗುರಿಯನ್ನು ಈ ಸ್ಪರ್ಧೆಯ ಮಟ್ಟಿಗೆ ಬದಿಗಿಡಿ ಎಂಬುದೇ ನನ್ನ ಸಲಹೆ. ಸ್ಪ್ರಿಂಟ್ ಎಂದರೆ ಸಾಮಾನ್ಯವಾಗಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕ್ಲಿಂಗ್ ಮತ್ತು 5 ಕಿಲೋಮೀಟರ್ ಓಟ. ಚಳಿಗಾಲದ ಅಭ್ಯಾಸದಿಂದ ನಿಮ್ಮ ಹೃದಯ, ಶ್ವಾಸಕೋಶಗಳು ಇಷ್ಟು ದೂರಕ್ಕೆ ಸಿದ್ಧವಾಗಿರಬಹುದು. ಆದರೆ ತೆರೆದ ನೀರಿನಲ್ಲಿ ದಿಕ್ಕು ನೋಡಿಕೊಂಡು ಈಜುವುದು, ಎದುರುಗಾಳಿಯಲ್ಲಿ ಸೈಕಲ್ ಹಿಡಿತದಲ್ಲಿಟ್ಟುಕೊಳ್ಳುವುದು, ತಿರುವಿನಲ್ಲಿ ಬ್ರೇಕ್ ಒತ್ತುವ ಹದ, ಸೈಕಲ್ ಇಳಿದ ಕೂಡಲೇ ಓಡುವ ರೂಢಿ ಇವುಗಳಲ್ಲಿ ಯಾವುದನ್ನೂ ಒಳಾಂಗಣ ಅಭ್ಯಾಸ ಪೂರ್ತಿಯಾಗಿ ಕಲಿಸುವುದಿಲ್ಲ. ಮೊದಲ ಸ್ಪರ್ಧೆಯ ದೊಡ್ಡ ಉಪಯೋಗವೆಂದರೆ ಈ ಕೊರತೆಗಳು ಎಲ್ಲೆಲ್ಲಿವೆ ಎಂಬುದನ್ನು ಅದು ತೋರಿಸಿಕೊಡುವುದು; ಆರಂಭದಿಂದಲೇ ಉಸಿರು ಕಟ್ಟುವಂತೆ ನುಗ್ಗಿದವರಿಗೆ ದಣಿವೊಂದನ್ನು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಸಮಯವನ್ನು ದಾಖಲಿಸಿಕೊಳ್ಳಿ, ಆದರೆ ಅದನ್ನು ಹಳೆಯ ದಾಖಲೆಯೊಂದಿಗೆ ತೂಗಬೇಡಿ. ನೀರು, ಗಾಳಿ, ರಸ್ತೆ ಎಲ್ಲವೂ ಬೇರೆಯಾಗಿರುವಾಗ ಆ ಹೋಲಿಕೆಗೆ ಅರ್ಥವೂ ಕಡಿಮೆ.

ನಿಮ್ಮ ಅಳುಕು ಸಕಾರಣವಾದದ್ದು. ಗಾಳಿ ಬೆಚ್ಚಗಾದಷ್ಟು ಬೇಗ ನೀರು ಬೆಚ್ಚಗಾಗುವುದಿಲ್ಲ. ಬಿಸಿಲು ಚುರುಗುಟ್ಟುವ ದಿನವೂ ಸರೋವರದಲ್ಲಿ ಚಳಿಗಾಲದ ತಂಪು ಉಳಿದಿರುತ್ತದೆ. ತಣ್ಣೀರಿಗೆ ಥಟ್ಟನೆ ಇಳಿದಾಗ ಮೈ ತಾನಾಗಿಯೇ ಏದುಸಿರು ಬಿಡತೊಡಗುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಇದು ಚರ್ಮದ ನರಗಳಿಂದ ಹೊರಡುವ ಅನೈಚ್ಛಿಕ ಪ್ರತಿಕ್ರಿಯೆಯಾದ್ದರಿಂದ ನುರಿತ ಈಜುಗಾರರನ್ನೂ ಬಿಡುವುದಿಲ್ಲ. ಅದರ ತೀವ್ರತೆ ಮೊದಲ ಒಂದೆರಡು ನಿಮಿಷಗಳಲ್ಲೇ ಹೆಚ್ಚು, ಆಮೇಲೆ ಇಳಿಯುತ್ತದೆ. ಆದ್ದರಿಂದ ಆಯೋಜಕರು ಅವಕಾಶ ಕೊಟ್ಟರೆ ಸ್ಪರ್ಧೆಗೆ ಮೊದಲೇ ನಿಧಾನವಾಗಿ ನೀರಿಗಿಳಿದು, ಮುಖ ಮುಳುಗಿಸಿ, ಉಸಿರನ್ನು ನೀರಿನೊಳಗೆ ದೀರ್ಘವಾಗಿ ಹೊರಬಿಡುವ ಅಭ್ಯಾಸ ಮಾಡಿ, ಉಸಿರಾಟ ಸಹಜವಾದ ಮೇಲೆಯೇ ಕೆಲವು ಬೀಸು ಈಜಿ. ಸ್ಪರ್ಧೆಗೆ ಮುಂಚಿನ ವಾರಗಳಲ್ಲಿ ಜೊತೆಗಾರರೊಂದಿಗೆ ಕೆಲವು ಬಾರಿ ತಣ್ಣೀರಿನಲ್ಲಿ ಈಜಿದರೆ ಈ ಪ್ರತಿಕ್ರಿಯೆ ಗಣನೀಯವಾಗಿ ತಗ್ಗುತ್ತದೆ. ಒಬ್ಬರೇ ಮಾತ್ರ ಹೋಗಬೇಡಿ.

ಆರಂಭದ ಗುಂಪಿನಲ್ಲಿ ಹಿಂದೆ ಅಥವಾ ಅಂಚಿನಲ್ಲಿ ನಿಲ್ಲಿ. ಈಜುವಾಗ ಉಸಿರು ಹತೋಟಿ ತಪ್ಪಿದರೆ ಅಂಗಾತ ತೇಲಿ, ಇಲ್ಲವೇ ರಕ್ಷಣಾ ದೋಣಿಯನ್ನು ಹಿಡಿದುಕೊಂಡು ಸುಧಾರಿಸಿಕೊಳ್ಳಿ. ಅದರ ನೆರವಿನಿಂದ ಮುಂದಕ್ಕೆ ಸಾಗದಿದ್ದರೆ ಹವ್ಯಾಸಿಗಳಿಗೆ ಸಾಮಾನ್ಯವಾಗಿ ಇದಕ್ಕೆ ಅನುಮತಿ ಇರುತ್ತದೆ. ಇದನ್ನು ಮೊದಲೇ ತಿಳಿದಿರುವುದರಿಂದಲೇ ಎಷ್ಟೋ ಜನರ ಗಾಬರಿ ಕಡಿಮೆಯಾಗುವುದನ್ನು ಕಂಡಿದ್ದೇನೆ. ಆದರೆ ವಿಶ್ರಾಂತಿಗೂ ಬಗ್ಗದ ಏದುಸಿರು, ಕೆಮ್ಮು, ನೊರೆಯಂಥ ಅಥವಾ ರಕ್ತ ಬೆರೆತ ಕಫ, ಎದೆನೋವು ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಕೈ ಎತ್ತಿ ಸಹಾಯ ಕೇಳಿ, ನೀರಿನಿಂದ ಹೊರಬನ್ನಿ. ಈಜುವಾಗ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ತೊಂದರೆಯೊಂದಿದೆ. ತಣ್ಣೀರು ಅದಕ್ಕೆ ಪ್ರಚೋದನೆಯಾಗಬಲ್ಲದು. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಸ್ಪರ್ಧೆಗೆ ಮೊದಲೇ ವೈದ್ಯರನ್ನು ಕಾಣಲೇಬೇಕು.

ಪ್ರಶ್ನೆ: ವೆಟ್‌ಸೂಟ್ (ಮೈಗಂಟುವ ರಬ್ಬರಿನಂಥ ಈಜುಡುಗೆ) ಕಡ್ಡಾಯವೇ? ನೀರಿನಿಂದ ಬಂದ ಮೇಲೆ ಸೈಕ್ಲಿಂಗ್‌ಗೆ ಬೆಚ್ಚನೆಯ ಬಟ್ಟೆ ಹಾಕಿಕೊಳ್ಳುತ್ತ ಕೂತರೆ ಸಮಯ ವ್ಯರ್ಥವಾಗುವುದಿಲ್ಲವೇ?

ಉತ್ತರ: ವಿಶ್ವ ಟ್ರಯಥ್ಲಾನ್ ಸಂಸ್ಥೆಯ ನಿಯಮದ ಪ್ರಕಾರ, 1500 ಮೀಟರ್‌ವರೆಗಿನ ಈಜಿನಲ್ಲಿ ವಯೋಮಾನದ ಗುಂಪುಗಳ ಸ್ಪರ್ಧಿಗಳಿಗೆ (ಅಂದರೆ ನಿಮ್ಮಂಥ ಹವ್ಯಾಸಿಗಳಿಗೆ) ನೀರಿನ ಉಷ್ಣತೆ 16 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ವೆಟ್‌ಸೂಟ್ ಕಡ್ಡಾಯ, 22 ಡಿಗ್ರಿ ಮುಟ್ಟಿದರೆ ಅದನ್ನು ಧರಿಸುವಂತಿಲ್ಲ. ಎಲ್ಲ ಆಯೋಜಕರೂ ಇದೇ ನಿಯಮಗಳನ್ನು ಅನುಸರಿಸುವುದಿಲ್ಲವಾದ್ದರಿಂದ ನಿಮ್ಮ ಸ್ಪರ್ಧೆಯ ಸೂಚನೆಗಳನ್ನು ಓದಿಕೊಳ್ಳಿ. ನೀರು ತೀರಾ ತಣ್ಣಗಿದ್ದರೆ ಈಜನ್ನು ಮೊಟಕುಗೊಳಿಸುವುದೂ, ರದ್ದುಪಡಿಸಿ ಓಟ-ಸೈಕ್ಲಿಂಗ್-ಓಟವಾಗಿ ಬದಲಿಸುವುದೂ ಉಂಟು. ವೆಟ್‌ಸೂಟ್ ಮೈಯನ್ನು ಬೆಚ್ಚಗಿಡುವುದರ ಜೊತೆಗೆ ತೇಲಲೂ ನೆರವಾಗುತ್ತದೆ. ಆದರೆ ಕುತ್ತಿಗೆ ಮತ್ತು ಎದೆಯ ಸುತ್ತ ಬಿಗಿಯಾದ ಹೊಸ ವೆಟ್‌ಸೂಟ್ ಉಸಿರುಗಟ್ಟಿದ ಭಾವನೆ ತರಬಹುದು. ಸ್ಪರ್ಧೆಯ ದಿನವೇ ಅದನ್ನು ಮೊದಲ ಬಾರಿಗೆ ತೊಡಬಾರದು.

ಬಟ್ಟೆಗೆ ಹಿಡಿಯುವ ಸಮಯ ಖಂಡಿತ ವ್ಯರ್ಥವಲ್ಲ. ಒದ್ದೆ ಮೈಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಗಾಳಿ ಎದುರಾಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್, ಗೇರ್ ಎರಡೂ ಕೈಗೆ ಬಗ್ಗುವುದಿಲ್ಲ, ಮತ್ತು ಆಗ ಬೇರೆ ಸ್ಪರ್ಧಿಗಳ ಸುರಕ್ಷತೆಯೂ ನಿಮ್ಮ ಕೈಯಲ್ಲಿರುತ್ತದೆ. ಟವೆಲ್‌ನಿಂದ ಮೈ ಒರೆಸಿಕೊಂಡು, ಗಾಳಿ ತಡೆಯುವ ತೆಳುವಾದ ಜಾಕೆಟ್ ಮತ್ತು ಕೈಗವಸು ಹಾಕಿಕೊಳ್ಳಿ. ಒದ್ದೆ ತೋಳಿಗೆ ಬಟ್ಟೆ ಏರಿಸುವುದನ್ನು, ಮರಗಟ್ಟಿದ ಬೆರಳಿನಿಂದ ಹೆಲ್ಮೆಟ್ ಪಟ್ಟಿ ಬಿಗಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಪಟ್ಟಿ ಬಿಗಿಯದೆ ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆದರೆ ದಂಡ ಬೀಳುತ್ತದೆ.

ಪ್ರಶ್ನೆ: ಸೈಕಲ್ ಇಳಿದ ಮೇಲೆ ಕಾಲು ಮರದ ಕೊರಡಿನಂತಾಗುತ್ತದೆ. ಪರಿಹಾರವೇನು?

ಉತ್ತರ: ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡುವುದು. ವಾರಕ್ಕೊಮ್ಮೆ ಸೈಕ್ಲಿಂಗ್ ಮುಗಿದ ಕೂಡಲೇ ಹತ್ತು ಹದಿನೈದು ನಿಮಿಷ ನಿಧಾನವಾಗಿ ಓಡಿ. ದೂರ ಹೆಚ್ಚಿಸುವ ಅಗತ್ಯವಿಲ್ಲ. ಸ್ಪರ್ಧೆಯಲ್ಲಿ ಸೈಕ್ಲಿಂಗ್‌ನ ಕೊನೆಯ ಒಂದು ಕಿಲೋಮೀಟರಿನಲ್ಲಿ ಹಗುರ ಗೇರ್‌ಗೆ ಬದಲಿಸಿ ಪೆಡಲನ್ನು ಚುರುಕಾಗಿ ತುಳಿಯಿರಿ, ಓಟದ ಮೊದಲ ಭಾಗದಲ್ಲಿ ಹೆಜ್ಜೆ ಚಿಕ್ಕದಾಗಿರಲಿ. ತಣ್ಣಗಿನ ದಿನ ಪಾದಗಳು ಸ್ಪರ್ಶ ಕಳೆದುಕೊಂಡಿದ್ದರೆ ಶೂ ಲೇಸ್ ಕಟ್ಟುವುದೇ ಕಷ್ಟ. ಎಲಾಸ್ಟಿಕ್ ಲೇಸ್ ಹಾಕಿಡಿ, ಒಣಗಿದ ಸಾಕ್ಸ್ ಶೂ ಒಳಗೇ ಇರಲಿ.