ಅರೇಬಿಕ್ ಹೆಸರೆಲ್ಲ ಪ್ರಶ್ನೆ ಚಿಹ್ನೆ ಆಗೋಯ್ತು, ವಾಪಸ್ ಬರುತ್ತಾ?

ಪ್ರಶ್ನೆ: ಸರ್, ಮೈಕ್ರೋಸಾಫ್ಟಿನ ಡೇಟಾಬೇಸ್ ಪ್ರೋಗ್ರಾಮ್ ಆಕ್ಸೆಸ್ 97ರಲ್ಲಿ ಮಾಡಿದ ನಮ್ಮ ಗ್ರಾಹಕರ ಡೇಟಾಬೇಸಲ್ಲಿ ಅರೇಬಿಕ್, ಉರ್ದು ಹೆಸರುಗಳಿವೆ. ಹೊಸ ಆಕ್ಸೆಸ್ ಅದನ್ನ ತೆಗೆಯೋದೇ ಇಲ್ಲ, ಅದಕ್ಕೆ ಬೇರೆ ಪಿಸಿಲಿ ಆಕ್ಸೆಸ್ 2007 ಹಾಕಿ ಕನ್ವರ್ಟ್ ಮಾಡಿದ್ವಿ, ಒಂದು ಟೇಬಲ್ ಮಾತ್ರ ಟೆಕ್ಸ್ಟ್ ಫೈಲ್ ಮೂಲಕ ತುಂಬಿದ್ವಿ. ಈಗ ಕೆಲವು ಹೆಸರು ಫ್ರೆಂಚ್ ಅಕ್ಷರದ ಥರ ಕಾಣ್ತವೆ, ಕೆಲವು ಬರೀ ಪ್ರಶ್ನೆ ಚಿಹ್ನೆ. ಫೋನ್ ನಂಬರೂ ಉಲ್ಟಾ. ದಾರಿ ಹೇಳಿ.

ಉತ್ತರ: ಮೊದಲು ಕೈ ಕಟ್ಕೊಂಡು ಕೂತ್ಕೊಳ್ಳಿ, ಒಂದಕ್ಷರಾನೂ ತಿದ್ದಬೇಡಿ, ಹಳೇ ಎಂಡಿಬಿ ಫೈಲನ್ನ (97ರ ಡೇಟಾಬೇಸ್ ಫೈಲನ್ನ) ಎರಡು ಕಡೆ ಕಾಪಿ ಮಾಡಿಡಿ. ನಿಮ್ಮ ನಿಜವಾದ ಡೇಟಾ ಇರೋದು ಅದರಲ್ಲೇ.

ಕಣ್ಣಿಗೆ ಕಾಣೋದನ್ನ ನಂಬದೆ, ಆ ಅಕ್ಷರಕ್ಕೆ ಕಂಪ್ಯೂಟರ್ ಒಳಗಿರೋ ನಂಬರ್ ಕೇಳಿ. ಆಕ್ಸೆಸ್ಸಿನ ಕೋಡ್ ಬರೆಯೋ ಜಾಗವಾದ ವಿಬಿಎ ಎಡಿಟರಲ್ಲಿ ಇಮ್ಮೀಡಿಯೇಟ್ ವಿಂಡೋ ತೆಗೆದು, ಅಲಿಫ್‌ನಿಂದ ಶುರುವಾಗೋ ಒಂದು ಹೆಸರನ್ನ ಡಿಲುಕಪ್‌ನಲ್ಲಿ (ಟೇಬಲ್ಲಿಂದ ಒಂದು ಮೌಲ್ಯ ತರೋ ಫಂಕ್ಷನ್) ತಂದು ಆಸ್ಕ್‌ಡಬ್ಲ್ಯೂ ಫಂಕ್ಷನ್ನಿಗೆ ಕೊಡಿ, ಅದು ಮೊದಲ ಅಕ್ಷರದ ನಂಬರ್ ಹೇಳುತ್ತೆ. 1575 ಬಂದ್ರೆ ಅಕ್ಷರ ಸರಿಯಾಗಿದೆ. 199 ಬಂದ್ರೆ ಅರೇಬಿಕ್ ಕೋಡ್ ಪೇಜಿನ (ಯಾವ ನಂಬರ್ ಯಾವ ಅಕ್ಷರ ಅನ್ನೋ ಪಟ್ಟಿ) ಬೈಟನ್ನ ಯುರೋಪಿನ ಕೋಡ್ ಪೇಜ್ ಅಂತ ಓದಿಬಿಟ್ಟಿದೆ, ಇದು ಸರಿಹೋಗುತ್ತೆ. 63 ಬಂದ್ರೆ ಅಲ್ಲಿ ಕೂತಿರೋದು ನಿಜವಾಗ್ಲೂ ಪ್ರಶ್ನೆ ಚಿಹ್ನೇನೇ, ಆ ಕಾಪಿಯಿಂದ ಏನೂ ವಾಪಸ್ ಬರಲ್ಲ. ನಿಮ್ಮ ಟೆಕ್ಸ್ಟ್ ಫೈಲ್ ಟೇಬಲ್ಲಿಗೆ ಆಗಿರೋದು ಇದೇ ಅನ್ಸುತ್ತೆ, ಎಕ್ಸ್‌ಪೋರ್ಟ್ ಮಾಡುವಾಗ ಕೋಡ್ ಪೇಜ್ ಆರಿಸದೇ ಹೋದ್ರೆ ಹೀಗಾಗುತ್ತೆ.

ಕಾರಣ ಇಷ್ಟೇ, 97ರಲ್ಲಿ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ನಂಬರ್ ಪಟ್ಟಿ) ಇರಲಿಲ್ಲ, ಆಕ್ಸೆಸ್ 2000ದಿಂದ ಬಂತು. ಹಾಗಾಗಿ ಕನ್ವರ್ಟ್ ಮಾಡೋ ಪಿಸಿಲಿ ವಿಂಡೋಸಿನ ಯೂನಿಕೋಡ್ ಅಲ್ಲದ ಪ್ರೋಗ್ರಾಮುಗಳ ಭಾಷೆಯನ್ನ ಅರೇಬಿಕ್ ಮಾಡಿ, ರೀಸ್ಟಾರ್ಟ್ ಮಾಡಿ, ಆಮೇಲೆ ಮೂಲ ಫೈಲಿನ ಕಾಪಿಯಿಂದ ಮತ್ತೆ ಕನ್ವರ್ಟ್ ಮಾಡಿ ನೋಡಿ, ಹತ್ತಿಪ್ಪತ್ತು ಹೆಸರಿನ ನಂಬರ್ ಚೆಕ್ ಮಾಡದೆ ಮುಂದೆ ಹೋಗ್ಬೇಡಿ. ಈ ಕನ್ವರ್ಷನ್ನಿಗೆ 2007 ಅಥವಾ 2010 ಇರೋ ಪಿಸಿನೇ ಬೇಕು, 2013ರಿಂದ 97ರ ಫೈಲ್ ತೆಗೆಯೋದನ್ನೇ ನಿಲ್ಲಿಸಿದಾರೆ.

ವಿಬಿಎ ಎಡಿಟರಿಗೆ ಇವತ್ತಿಗೂ ಯೂನಿಕೋಡ್ ಬರಲ್ಲ, ಕೋಡ್ ಒಳಗೆ ನೇರವಾಗಿ ಅರೇಬಿಕ್ ವಾಕ್ಯ ಬರೆದಿದ್ರೆ ಅದನ್ನೆಲ್ಲ ಒಂದು ಟೇಬಲ್ಲಿಗೆ ಹಾಕಿ ಅಲ್ಲಿಂದ ಓದಿಸ್ಕೊಳ್ಳಿ. ಹೊಸ ಆಫೀಸ್ 64 ಬಿಟ್ ಆಗಿದ್ರೆ, ನಿಮ್ಮ ಕೋಡಲ್ಲಿ ವಿಂಡೋಸಿನ ಫಂಕ್ಷನ್ನುಗಳನ್ನ ಕರೆಯೋ ಡಿಕ್ಲೇರ್ ಸಾಲುಗಳಿಗೆ ಪಿಟಿಆರ್‌ಸೇಫ್ ಸೇರಿಸ್ಬೇಕು, ಹ್ಯಾಂಡಲ್ (ವಿಂಡೋಸ್ ಕೊಡೋ ಗುರುತಿನ ನಂಬರ್) ಇರೋ ಕಡೆ ಲಾಂಗ್‌ಪಿಟಿಆರ್.

ಫೋನ್ ನಂಬರ್ ಬಗ್ಗೆ ಹೆದರಬೇಡಿ, ಡೇಟಾ ಉಲ್ಟಾ ಆಗಿಲ್ಲ. ಬಲದಿಂದ ಎಡಕ್ಕೆ ಓದೋ ಬಾಕ್ಸಲ್ಲಿ 12 345 ಅಂತ ಮಧ್ಯೆ ಜಾಗ ಬಿಟ್ಟು ಬರೆದಿದ್ರೆ ಅದು 345 12 ಅಂತ ಕಾಣುತ್ತೆ ಅಷ್ಟೇ. ಫಾರ್ಮಿನ ಓರಿಯೆಂಟೇಷನ್ ಬಲದಿಂದ ಎಡಕ್ಕೇ ಇರಲಿ, ಆ ಒಂದು ಬಾಕ್ಸಿನ ರೀಡಿಂಗ್ ಆರ್ಡರ್ ಮಾತ್ರ ಎಡದಿಂದ ಬಲಕ್ಕೆ ಮಾಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಇದರಿಂದ ಹೆಸರು ಕಣ್ಣೆದುರಿಗೇ ಇದ್ರೂ ಸರ್ಚಲ್ಲಿ ಸಿಗದೇ ಹೋಗಬಹುದು. ಅರೇಬಿಕ್ ಯೇ ಅಕ್ಷರದ ನಂಬರ್ 1610, ಉರ್ದು ಯೇ 1740; ಕಾಫ್ 1603, ಉರ್ದುವಿನದು 1705. ನೋಡೋಕೆ ಹೆಚ್ಚುಕಮ್ಮಿ ಒಂದೇ, ಯಾವ ಕೀಬೋರ್ಡಲ್ಲಿ ಟೈಪ್ ಮಾಡಿದಾರೆ ಅನ್ನೋದರ ಮೇಲೆ ಬೇರೆ ಬೇರೆ ಕೂತಿರ್ತವೆ. ಸರ್ಚಿಗೆ ಅಂತಲೇ ಇನ್ನೊಂದು ಕಾಲಂ ಮಾಡಿ, ಅಲ್ಲಿ ರಿಪ್ಲೇಸ್ ಹಾಕಿ ಎರಡನ್ನೂ ಒಂದೇ ನಂಬರಿಗೆ ತನ್ನಿ. ಮೂಲ ಹೆಸರಿನ ಕಾಲಮ್ಮನ್ನ ಮಾತ್ರ ಮುಟ್ಟಬೇಡಿ, ಅದು ಅವರವರು ಬರೆದುಕೊಂಡ ಹೆಸರು.